ಉಷ್ಣವಲಯಕ್ಕೆ ಹೊರಟಿದ್ದೀರಾ? ಮೊದಲು ನೀರಿನ ಲೆಕ್ಕ ಸರಿಮಾಡಿಕೊಳ್ಳಿ

ಭೂಮಧ್ಯರೇಖೆಯ ಎರಡೂ ಬದಿಗೆ ಸುಮಾರು 23.4 ಡಿಗ್ರಿವರೆಗೆ ಹಬ್ಬಿರುವ ಪಟ್ಟಿಯೇ ಉಷ್ಣವಲಯ. ಅಲ್ಲಿಗೆ ಹೊರಟವರು ಹಾವು ಚೇಳುಗಳ ಬಗ್ಗೆ ವಿಚಾರಿಸುವಷ್ಟು ನೀರಿನ ಬಗ್ಗೆ ವಿಚಾರಿಸುವುದಿಲ್ಲ. ಆದರೆ ಪ್ರವಾಸ ಹಾಳಾಗುವುದು ಹೆಚ್ಚಾಗಿ ಹೊಟ್ಟೆಯಿಂದಲೇ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಹೇಳುವಂತೆ, ಎರಡು ವಾರದ ಪ್ರವಾಸದಲ್ಲಿ ಶೇ 30ರಿಂದ 70ರಷ್ಟು ಮಂದಿಗೆ ಭೇದಿ ಕಾಡಬಹುದು. ಎಲ್ಲಿಗೆ ಹೋಗುತ್ತೀರಿ, ಯಾವ ಕಾಲದಲ್ಲಿ ಹೋಗುತ್ತೀರಿ ಎನ್ನುವುದರ ಮೇಲೆ ಈ ಅಂಕಿ ಏರಿಳಿಯುತ್ತದೆ.

ಇದಕ್ಕೆ ದುಬಾರಿ ಉಪಕರಣ ಕೊಂಡರೆ ಸಾಕು ಎಂದು ಅನೇಕರು ನಂಬಿದ್ದಾರೆ. ಸಾಕಾಗುವುದಿಲ್ಲ. ಯಾವ ವಿಧಾನ ಯಾವ ರೋಗಾಣುವನ್ನು ಕೊಲ್ಲುತ್ತದೆ, ಯಾವುದನ್ನು ಹಾಗೇ ಬಿಟ್ಟುಬಿಡುತ್ತದೆ ಎಂದು ಗೊತ್ತಿರಬೇಕು. ಶುದ್ಧ ಮಾಡಿದ ನೀರು ಮತ್ತೆ ಎಲ್ಲಿ ಕೆಡುತ್ತದೆ ಎನ್ನುವುದೂ ಗೊತ್ತಿರಬೇಕು. ಇವೆರಡು ತಿಳಿದಿದ್ದರೆ ಒಂದು ಪಾತ್ರೆ, ಒಂದಷ್ಟು ಮಾತ್ರೆಗಳಲ್ಲೇ ಪ್ರವಾಸ ಮುಗಿಸಬಹುದು.

ಹೊರಡುವ ಮೊದಲು

ನಾಲ್ಕರಿಂದ ಆರು ವಾರ ಮೊದಲೇ ವೈದ್ಯರನ್ನು ಕಾಣಿ. ಲಸಿಕೆ ಹಾಕಿಸಿದ ದಿನವೇ ರಕ್ಷಣೆ ಸಿಗುವುದಿಲ್ಲ, ಅದಕ್ಕೇ ಇಷ್ಟು ಮುಂಚೆ. ನೀರು, ಆಹಾರದಿಂದ ಹರಡುವ ರೋಗಗಳಲ್ಲಿ ಮುಖ್ಯವಾಗಿ ಹೆಪಟೈಟಿಸ್ ಎ ಮತ್ತು ಟೈಫಾಯಿಡ್‌ಗೆ ಲಸಿಕೆ ಇದೆ. ಟೈಫಾಯಿಡ್ ಚುಚ್ಚುಮದ್ದನ್ನು ಕನಿಷ್ಠ ಎರಡು ವಾರ ಮೊದಲು ಹಾಕಿಸಿಕೊಳ್ಳಬೇಕು. ಅದು ಪೂರ್ತಿ ರಕ್ಷಣೆಯನ್ನೂ ಕೊಡುವುದಿಲ್ಲ, ಹಾಗಾಗಿ ಲಸಿಕೆ ಆಯಿತು ಎಂದು ನೀರಿನ ವಿಷಯದಲ್ಲಿ ಸಡಿಲ ಬಿಡಬೇಡಿ.

ಆಫ್ರಿಕಾದ ಮತ್ತು ದಕ್ಷಿಣ ಅಮೆರಿಕದ ಕೆಲವು ದೇಶಗಳಿಗೆ ಹೋಗುವುದಾದರೆ ಹಳದಿ ಜ್ವರದ ಲಸಿಕೆ ಬೇಕಾಗುತ್ತದೆ. ಅದರ ಪ್ರಮಾಣಪತ್ರ ಲಸಿಕೆ ಹಾಕಿಸಿದ 10 ದಿನಗಳ ನಂತರವಷ್ಟೇ ಜಾರಿಗೆ ಬರುತ್ತದೆ. 2016ರ ಜುಲೈನಿಂದ ಅದಕ್ಕೆ ಜೀವನಪೂರ್ತಿ ಮಾನ್ಯತೆ ಇದೆ. ಹೊರಡುವ ಹಿಂದಿನ ದಿನ ಹಾಕಿಸಿಕೊಂಡು ಗಡಿಯಲ್ಲಿ ಸಿಕ್ಕಿಬೀಳಬೇಡಿ.

ಚೀಲದಲ್ಲಿ ಇರಲೇಬೇಕಾದವು ಇಷ್ಟು: ಓಆರ್‌ಎಸ್ ಪೊಟ್ಟಣಗಳು, ನೀರು ಶುದ್ಧ ಮಾಡುವ ಮಾತ್ರೆ, ಥರ್ಮಾಮೀಟರ್, ಪ್ಯಾರಾಸಿಟಮಾಲ್, ಸೋಪು, ಸೊಳ್ಳೆ ನಿವಾರಕ, ಅಗಲ ಬಾಯಿಯ ನೀರಿನ ಬಾಟಲಿ. ಕೊನೆಯದನ್ನು ಯಾಕೆ ಅಗಲ ಬಾಯಿ ಎಂದೆ ಎಂದರೆ, ಕೈ ಹಾಕಿ ಒಳಗೆ ಉಜ್ಜಲು ಆಗದ ಬಾಟಲಿಯ ಗೋಡೆಗೆ ಕೆಲವೇ ದಿನಗಳಲ್ಲಿ ಲೋಳೆ ಕಟ್ಟುತ್ತದೆ. ಚಂದದ ಬಾಟಲಿಗಿಂತ ತೊಳೆಯಲು ಬರುವ ಬಾಟಲಿ ಮೇಲು.

ನೀರಿನಲ್ಲಿ ಇರುವವರು ಯಾರು?

ಕಣ್ಣಿಗೆ ತಿಳಿಯಾಗಿ ಕಂಡ ನೀರು ಶುದ್ಧ ಎಂದೇನೂ ಅಲ್ಲ. ಅದರಲ್ಲಿ ಮೂರು ಗುಂಪಿನ ರೋಗಾಣುಗಳು ಇರಬಹುದು.

ಗಾತ್ರದಲ್ಲಿ ದೊಡ್ಡವು ಪ್ರೊಟೊಜೋವಾ ಎಂಬ ಏಕಕೋಶ ಜೀವಿಗಳು. ಜಿಯಾರ್ಡಿಯಾ, ಕ್ರಿಪ್ಟೊಸ್ಪೊರಿಡಿಯಂ, ಅಮೀಬಿಕ್ ಭೇದಿ ತರುವ ಅಮೀಬಾ ಈ ಗುಂಪಿನವು. ಕ್ರಿಪ್ಟೊಸ್ಪೊರಿಡಿಯಂನ ಗಾತ್ರ 4ರಿಂದ 6 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಅದಕ್ಕಿಂತ ಸಣ್ಣವು ಬ್ಯಾಕ್ಟೀರಿಯಾ. ಪ್ರವಾಸಿಗರ ಭೇದಿಗೆ ಶೇ 80ಕ್ಕಿಂತ ಹೆಚ್ಚು ಸಲ ಇವೇ ಕಾರಣ. ಅದರಲ್ಲೂ ಇ. ಕೋಲಿಯ ವಿಷ ಉತ್ಪಾದಿಸುವ ಒಂದು ತಳಿಯದೇ ದೊಡ್ಡ ಪಾಲು. ಕಾಲರಾ, ಟೈಫಾಯಿಡ್ ಕೂಡ ಬ್ಯಾಕ್ಟೀರಿಯಾದಿಂದ ಬರುವಂಥವು. ತೀರಾ ಸಣ್ಣವು ವೈರಸ್‌ಗಳು: ಹೆಪಟೈಟಿಸ್ ಎ, ನೊರೊವೈರಸ್, ರೋಟಾವೈರಸ್. ಹೆಪಟೈಟಿಸ್ ಎ ವೈರಸ್ ಮೈಕ್ರಾನಿನ ಮೂವತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಸಣ್ಣದು.

ಗಾತ್ರದ ಈ ಏರಿಳಿತ ನೆನಪಿಟ್ಟುಕೊಳ್ಳಿ. ಮುಂದೆ ಫಿಲ್ಟರ್ ಆರಿಸುವಾಗ ಇದೇ ಉಪಯೋಗಕ್ಕೆ ಬರುತ್ತದೆ.

ರೋಗಾಣುವಲ್ಲದ ಇನ್ನೊಂದು ತೊಂದರೆಯೂ ಇದೆ. ಕೊಳವೆಬಾವಿಯ ನೀರಿನಲ್ಲಿ ಆರ್ಸೆನಿಕ್, ಫ್ಲೋರೈಡ್ ಇರಬಹುದು, ಗದ್ದೆ ಪಕ್ಕದ ನೀರಿನಲ್ಲಿ ಕೀಟನಾಶಕ ಸೇರಿರಬಹುದು. ಕುದಿಸಿದರೆ ಇವು ಹೋಗುವುದಿಲ್ಲ, ನೀರು ಆವಿಯಾದಂತೆ ಆರ್ಸೆನಿಕ್, ಫ್ಲೋರೈಡ್ ಇನ್ನಷ್ಟು ಗಾಢವಾಗುತ್ತವೆ. ಅಂಥ ಕಡೆ ಬೇರೆ ಮೂಲದ ನೀರು ಹುಡುಕುವುದೇ ದಾರಿ. ನಾಲ್ಕು ದಿನದ ಪ್ರವಾಸಕ್ಕೆ ಇದನ್ನು ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಕಿಲ್ಲ, ತಿಂಗಳುಗಟ್ಟಲೆ ಇರುವವರು ವಿಚಾರಿಸಲೇಬೇಕು.

ಕುದಿಸುವುದು: ಮೊದಲ ಆಯ್ಕೆ

ಎಲ್ಲಿ ಬೆಂಕಿ ಅಥವಾ ಕರೆಂಟ್ ಸಿಗುತ್ತದೋ ಅಲ್ಲಿ ಬೇರೆ ಯೋಚನೆಯೇ ಬೇಡ, ಕುದಿಸಿ. ಪ್ರೊಟೊಜೋವಾ, ಬ್ಯಾಕ್ಟೀರಿಯಾ, ವೈರಸ್ ಮೂರನ್ನೂ ಕೊಲ್ಲುವ ವಿಧಾನ ಇದು. ನೀರು ಸ್ವಲ್ಪ ಕದಡಿದ್ದರೂ ಇದು ಕೈಕೊಡುವುದಿಲ್ಲ.

ನೀರು ಕದಡಿದ್ದರೆ ಮೊದಲು ನಿಲ್ಲಲು ಬಿಡಿ. ಮಣ್ಣು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಒತ್ತಾದ ಬಟ್ಟೆಯಲ್ಲಿ ಸೋಸಿ. ಆಮೇಲೆ ಒಲೆಗಿಡಿ. ದೊಡ್ಡ ಗುಳ್ಳೆಗಳು ಎದ್ದು ಕೊತಕೊತ ಕುದಿಯಲು ಶುರುವಾದ ಮೇಲೆ 1 ನಿಮಿಷ ಹಾಗೇ ಬಿಡಿ. 2,000 ಮೀಟರಿಗಿಂತ ಎತ್ತರದ ಊರಿನಲ್ಲಿದ್ದರೆ 3 ನಿಮಿಷ. ಎತ್ತರಕ್ಕೆ ಹೋದಂತೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. 2,000 ಮೀಟರಿನಲ್ಲಿ ಸುಮಾರು 93 ಡಿಗ್ರಿಗೇ ಕುದಿ ಬರುತ್ತದೆ. ಉಷ್ಣವಲಯ ಎಂದರೆ ಬರೀ ಕರಾವಳಿ ಅಲ್ಲ, ಆಂಡಿಸ್ ಮತ್ತು ಪೂರ್ವ ಆಫ್ರಿಕಾದ ಎತ್ತರದ ಊರುಗಳೂ ಅದರೊಳಗೇ ಬರುತ್ತವೆ. ಈಕ್ವೆಡಾರಿನ ರಾಜಧಾನಿ ಕೀಟೊ 2,800 ಮೀಟರ್ ಎತ್ತರದಲ್ಲಿದೆ.

ಹತ್ತು, ಇಪ್ಪತ್ತು ನಿಮಿಷ ಕುದಿಸಬೇಕು ಎಂದು ಹೇಳುವವರಿದ್ದಾರೆ. ಸುಮ್ನೆ ಗ್ಯಾಸ್ ಖರ್ಚು. ನೀರಿನ ರೋಗಾಣುಗಳು 70 ಡಿಗ್ರಿ ದಾಟುವಾಗಲೇ ಬೇಗ ಬೇಗ ಸಾಯತೊಡಗುತ್ತವೆ. ಹಾಗಿದ್ದರೆ ಕುದಿಸಲೇಬೇಕಾ? ಥರ್ಮಾಮೀಟರ್ ಹಾಕಿ ನೋಡುವ ಅಭ್ಯಾಸ ನಮಗಿಲ್ಲವಲ್ಲ, ಅದಕ್ಕೆ. ಸಾಕಷ್ಟು ಬಿಸಿ ಆಗಿದೆ ಎನ್ನುವುದಕ್ಕೆ ಬರಿಗಣ್ಣಿಗೆ ಕಾಣುವ ಗುರುತು ಎಂದರೆ ಆ ಕುದಿಯೇ. ಹೋಟೆಲ್ ಕೋಣೆಯ ಎಲೆಕ್ಟ್ರಿಕ್ ಕೆಟಲ್ ಕುದಿ ಬಂದ ತಕ್ಷಣ ತಾನೇ ಆರಿಹೋದರೂ ಗಾಬರಿ ಬೇಡ. ಮುಚ್ಚಳ ತೆರೆಯದೆ ಹಾಗೇ ಆರಲು ಬಿಟ್ಟರೆ ಕೆಲಸ ಆಗಿರುತ್ತದೆ.

ನಲ್ಲಿಯಲ್ಲಿ ಬರುವ ಬಿಸಿನೀರು ಮಾತ್ರ ಕುದಿಸಿದ ನೀರಿಗೆ ಸಮ ಅಲ್ಲ. ಕೈಗೆ ಚುರುಕ್ ಎಂದರೂ ಅದು ಎಷ್ಟು ಹೊತ್ತು ಎಷ್ಟು ಬಿಸಿಯಲ್ಲಿತ್ತು ಎಂದು ಯಾರು ಕಂಡಿದ್ದಾರೆ?

ರಾತ್ರಿ ಮಲಗುವ ಮೊದಲು ಎರಡು ಕೆಟಲ್ ಕುದಿಸಿ, ಮುಚ್ಚಿಟ್ಟು, ಬೆಳಿಗ್ಗೆ ಬಾಟಲಿಗೆ ತುಂಬಿಕೊಳ್ಳಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಪ್ರವಾಸದ ಅಭ್ಯಾಸ ಇಲ್ಲ. ರುಚಿ ಸಪ್ಪೆ ಅನಿಸಿದರೆ ಶುದ್ಧವಾದ ಎರಡು ಪಾತ್ರೆಗಳ ನಡುವೆ ನಾಲ್ಕೈದು ಸಲ ಮೇಲಿಂದ ಹೊಯ್ಯಿರಿ. ಗಾಳಿ ಬೆರೆತು ಸರಿಹೋಗುತ್ತದೆ.

ಕ್ಲೋರಿನ್: ಬೆಂಕಿ ಇಲ್ಲದ ಕಡೆ

ಕ್ಲೋರಿನ್ ಮಾತ್ರೆ ಹಗುರ, ಅಗ್ಗ, ಜೇಬಿನಲ್ಲಿ ಹಿಡಿಸುತ್ತದೆ. ಬ್ಯಾಕ್ಟೀರಿಯಾ, ವೈರಸ್‌ಗಳ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಜಿಯಾರ್ಡಿಯಾ ಸ್ವಲ್ಪ ಗಟ್ಟಿ, ಹೆಚ್ಚು ಹೊತ್ತು ಕಾಯಬೇಕು. ಕ್ರಿಪ್ಟೊಸ್ಪೊರಿಡಿಯಂ ಮಾತ್ರ ಇದಕ್ಕೆ ಬಗ್ಗುವುದಿಲ್ಲ. ಈಜುಕೊಳದ ಕ್ಲೋರಿನ್ ನೀರಿನಲ್ಲೂ ಅದು ವಾರಕ್ಕೂ ಹೆಚ್ಚು ಬದುಕಬಲ್ಲದು.

ಮಾತ್ರೆಯ ಪೊಟ್ಟಣದ ಮೇಲೆ ಎಷ್ಟು ಲೀಟರಿಗೆ ಒಂದು ಎಂದು ಬರೆದಿರುತ್ತದೆ. ಅದನ್ನೇ ಪಾಲಿಸಿ, ಒಂದೊಂದು ಕಂಪನಿಯದು ಒಂದೊಂದು ಅಳತೆ. ಮಾತ್ರೆ ಸಿಗದಿದ್ದರೆ ಸುವಾಸನೆ ಬೆರೆಸದ, ಸೋಪಿನ ಅಂಶ ಇಲ್ಲದ ದ್ರವ ಬ್ಲೀಚ್ ನಡೆಯುತ್ತದೆ. ಸೋಡಿಯಂ ಹೈಪೊಕ್ಲೋರೈಟ್ ಶೇ 5ರಿಂದ 6 ಇರುವ ಬ್ಲೀಚ್ ಆದರೆ ತಿಳಿ ನೀರಿಗೆ ಲೀಟರಿಗೆ 2 ಹನಿ. ಕದಡಿದ ನೀರಿಗೆ 4 ಹನಿ. ಕಲಸಿ 30 ನಿಮಿಷ ಬಿಡಿ. ಆಮೇಲೆ ಮೂಗಿಗೆ ಸಣ್ಣದಾಗಿ ಕ್ಲೋರಿನ್ ವಾಸನೆ ಬರಬೇಕು. ಬರದಿದ್ದರೆ ಅಷ್ಟೇ ಹನಿ ಮತ್ತೆ ಹಾಕಿ ಇನ್ನೂ 15 ನಿಮಿಷ ಕಾಯಿರಿ. ಬ್ಲೀಚಿಂಗ್ ಪೌಡರ್ ಬೇರೆ ವಸ್ತು, ಈ ಹನಿಗಳ ಲೆಕ್ಕವನ್ನು ಅದಕ್ಕೆ ಹಚ್ಚಬೇಡಿ. ಬ್ಲೀಚ್ ಹಳೆಯದಾದಷ್ಟೂ ಶಕ್ತಿ ಕಳೆದುಕೊಳ್ಳುತ್ತದೆ. ಸೆಖೆಯಲ್ಲಿ ಇನ್ನೂ ಬೇಗ. ತಾರೀಖು ನೋಡಿ ಕೊಳ್ಳಿ.

ಎಲ್ಲರೂ ಮರೆಯುವ ಒಂದು ಸಣ್ಣ ವಿಷಯ ಇದೆ. ಮಾತ್ರೆ ಕರಗಿದ ಮೇಲೆ ಮುಚ್ಚಳ ಸ್ವಲ್ಪ ಸಡಿಲಿಸಿ, ಬಾಟಲಿ ಬಗ್ಗಿಸಿ, ಆ ನೀರು ಬಾಯಿಯ ತಿರುಪಿನ ಸಂದಿನಿಂದ ಜಿನುಗುವಂತೆ ಮಾಡಿ. ಬಾಟಲಿ ತುಂಬುವಾಗ ಆ ತಿರುಪಿಗೂ ಕೆಟ್ಟ ನೀರು ಅಂಟಿರುತ್ತದೆ. ನಿಮ್ಮ ತುಟಿ ತಾಗುವುದೇ ಅಲ್ಲಿ, ಅಲ್ವಾ?

ವಾಸನೆ ಇಷ್ಟವಾಗದಿದ್ದರೆ ವಿಟಮಿನ್ ಸಿ ಪುಡಿ ಚಿಟಿಕೆ ಹಾಕಿದರೆ ಅದು ಹೋಗುತ್ತದೆ. ಆದರೆ ಕಾಯುವ ಸಮಯ ಪೂರ್ತಿ ಮುಗಿದ ಮೇಲೆ ಮಾತ್ರ. ಮೊದಲೇ ಹಾಕಿದರೆ ಅದು ಕ್ಲೋರಿನ್‌ನ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ.

ಕ್ಲೋರಿನ್ ಡೈಆಕ್ಸೈಡ್ ಎಂಬ ಹೆಸರಿನ ಮಾತ್ರೆಗಳು ಬೇರೆ. ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ 4 ಗಂಟೆ ಕಾದರೆ ಕ್ರಿಪ್ಟೊಸ್ಪೊರಿಡಿಯಂ ವಿರುದ್ಧವೂ ಇವು ಕೆಲಸ ಮಾಡುತ್ತವೆ. ಅಯೋಡಿನ್ ಮಾತ್ರೆಗಳನ್ನು ನಾನು ಸೂಚಿಸುವುದಿಲ್ಲ. ಗರ್ಭಿಣಿಯರು, ಥೈರಾಯ್ಡ್ ತೊಂದರೆ ಇರುವವರು ಅವನ್ನು ಮುಟ್ಟಬಾರದು. ಉಳಿದವರಿಗೂ ಕೆಲವು ವಾರಗಳ ಮೇಲೆ ಬಳಸುವುದು ಒಳ್ಳೆಯದಲ್ಲ.

ಫಿಲ್ಟರ್, ಯುವಿ, ಬಿಸಿಲು

ಫಿಲ್ಟರ್ ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಮೈಕ್ರಾನ್ ಸಂಖ್ಯೆ ನೋಡಿ. ಜರಡಿಯ ಕಣ್ಣು ಎಷ್ಟು ಸಣ್ಣದೋ ಅಷ್ಟು ಸಣ್ಣ ಕಾಳು ನಿಲ್ಲುತ್ತದೆ, ಅಷ್ಟೇ ಲೆಕ್ಕ. 1 ಮೈಕ್ರಾನಿನ ರಂಧ್ರ ಪ್ರೊಟೊಜೋವಾವನ್ನು ತಡೆಯುತ್ತದೆ. 0.2 ಮೈಕ್ರಾನ್ ಇದ್ದರೆ ಬ್ಯಾಕ್ಟೀರಿಯಾವೂ ನಿಲ್ಲುತ್ತದೆ. ವೈರಸ್ ಮಾತ್ರ ಎರಡರಿಂದಲೂ ನುಣುಚಿಕೊಳ್ಳುತ್ತದೆ. ಜನ ಓಡಾಡದ ಬೆಟ್ಟದ ತೊರೆಗೆ 0.2 ಮೈಕ್ರಾನ್ ಫಿಲ್ಟರ್ ಸಾಕಾಗಬಹುದು. ಜನವಸತಿ ಇರುವ, ಚರಂಡಿ ನೀರು ಸೇರುವ ಸಾಧ್ಯತೆ ಇರುವ ಕಡೆ ಸಾಕಾಗುವುದಿಲ್ಲ. ಅಲ್ಲಿ ಫಿಲ್ಟರ್ ಮಾಡಿದ ನೀರಿಗೆ ಕ್ಲೋರಿನ್ ಹಾಕಿ. ಫಿಲ್ಟರ್ ಬಿಟ್ಟದ್ದನ್ನು ಕ್ಲೋರಿನ್ ಕೊಲ್ಲುತ್ತದೆ, ಕ್ಲೋರಿನ್‌ಗೆ ಬಗ್ಗದ್ದನ್ನು ಫಿಲ್ಟರ್ ತಡೆದಿರುತ್ತದೆ. ಇದೇ ಕ್ರಮದಲ್ಲಿ ಮಾಡಿ. ಮೊದಲು ಕ್ಲೋರಿನ್ ಹಾಕಿ ಆಮೇಲೆ ಇದ್ದಿಲಿನ ಫಿಲ್ಟರಿನಲ್ಲಿ ಹರಿಸಿದರೆ ಇದ್ದಿಲು ಆ ಕ್ಲೋರಿನ್ ಅನ್ನೇ ಹೀರಿಕೊಳ್ಳುತ್ತದೆ. ಬರೀ ಇದ್ದಿಲು ಇರುವ ಫಿಲ್ಟರ್ ರುಚಿ ಸುಧಾರಿಸುತ್ತದೆಯೇ ಹೊರತು ರೋಗಾಣು ತೆಗೆಯುವುದಿಲ್ಲ.

ಪೆನ್ನಿನಂಥ ಯುವಿ (ಅತಿನೇರಳೆ ಕಿರಣ) ದೀಪಗಳು ಮೂರೂ ಗುಂಪಿನ ಮೇಲೆ ಪರಿಣಾಮಕಾರಿ, ಆದರೆ ನೀರು ಕನ್ನಡಿಯಂತೆ ತಿಳಿ ಇರಬೇಕು. ಕದಡಿದ ನೀರಿನಲ್ಲಿ ಮಣ್ಣಿನ ಕಣದ ನೆರಳಿನಲ್ಲಿ ರೋಗಾಣು ಉಳಿದುಬಿಡುತ್ತದೆ. ಬ್ಯಾಟರಿ ಮುಗಿದರೆ ಅದು ಬರೀ ಕಡ್ಡಿ.

ಏನೂ ಇಲ್ಲದಿದ್ದರೆ ಬಿಸಿಲಿದೆ. ಎರಡು ಲೀಟರಿನ ಒಳಗಿನ ಬಣ್ಣವಿಲ್ಲದ ಪಿಇಟಿ ಪ್ಲಾಸ್ಟಿಕ್ ಬಾಟಲಿಗೆ ತಿಳಿ ನೀರು ತುಂಬಿ, ಅಡ್ಡ ಮಲಗಿಸಿ, 6 ಗಂಟೆ ಚುರುಕು ಬಿಸಿಲಿನಲ್ಲಿಡಿ. ಅರ್ಧಕ್ಕಿಂತ ಹೆಚ್ಚು ಆಕಾಶ ಮೋಡ ಕವಿದಿದ್ದರೆ ಎರಡು ದಿನ ಬೇಕು. ಮಳೆ ಎಡೆಬಿಡದೆ ಸುರಿಯುವ ದಿನಗಳಲ್ಲಿ ಈ ವಿಧಾನ ನಡೆಯುವುದಿಲ್ಲ. ಸೋಡಿಸ್ ಎಂದು ಕರೆಯುವ ಇದನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದೆ.

ಬಾಟಲಿ ನೀರು ಮತ್ತು ಐಸ್

ಬಾಟಲಿ ಕೊಂಡರೆ ಮುಚ್ಚಳದ ಕೆಳಗಿನ ಉಂಗುರ ಗಮನಿಸಿ. ತಿರುಗಿಸಿದಾಗ ಅದು ಪಟಪಟ ಎಂದು ಕಿತ್ತುಬರಬೇಕು. ಸುಲಭವಾಗಿ ತಿರುಗಿದರೆ ಯಾರೋ ಮರುತುಂಬಿಸಿದ್ದಾರೆ ಎಂದುಕೊಳ್ಳಿ, ವಾಪಸ್ ಕೊಡಿ. ಅನುಮಾನ ಇರುವ ಕಡೆ ಗ್ಯಾಸ್ ತುಂಬಿದ ಸೋಡಾ ನೀರು ಕೇಳಿ. ತೆರೆದಾಗ ಬುಸ್ ಎನ್ನುವ ಸದ್ದನ್ನು ನಲ್ಲಿ ನೀರು ತುಂಬಿ ನಕಲು ಮಾಡಲು ಆಗುವುದಿಲ್ಲ.

ಐಸ್ ಬೇಡ. ಹೆಪ್ಪುಗಟ್ಟಿದರೆ ರೋಗಾಣು ಸಾಯುವುದಿಲ್ಲ, ನಿದ್ದೆ ಹೋಗುತ್ತದೆ ಅಷ್ಟೇ. ಮದ್ಯಕ್ಕೆ ಹಾಕಿದರೆ ಮದ್ಯವೇ ಅದನ್ನು ಕೊಲ್ಲುತ್ತದೆ ಎಂಬ ಮಾತೂ ಸುಳ್ಳು. ಲೋಟದಲ್ಲಿರುವ ಮದ್ಯ ಅಷ್ಟು ಕಡುವಾಗಿರುವುದಿಲ್ಲ.

ಶುದ್ಧವಾದದ್ದು ಮತ್ತೆ ಕೆಡುವ ಜಾಗಗಳು

ಇಲ್ಲಿಯೇ ಬಹಳಷ್ಟು ಮಂದಿ ಎಡವುತ್ತಾರೆ. ಕುಡಿಯುವ ನೀರಿಗೆ ಅಷ್ಟೆಲ್ಲ ಮಾಡಿ, ಹಲ್ಲುಜ್ಜಿ ಬಾಯಿ ಮುಕ್ಕಳಿಸುವುದು ನಲ್ಲಿ ನೀರಿನಲ್ಲಿ! ಬ್ರಷ್ ತೊಳೆಯುವುದೂ ಅದರಲ್ಲೇ. ಹಲ್ಲುಜ್ಜಲು ಒಂದು ಲೋಟ ಶುದ್ಧ ನೀರು ತೆಗೆದಿಡಿ. ಸ್ನಾನ ಮಾಡುವಾಗ ಬಾಯಿ ಮುಚ್ಚಿರಲಿ. ಮಕ್ಕಳಿಗೆ ಇದನ್ನು ದಿನವೂ ಹೇಳಬೇಕಾಗುತ್ತದೆ, ಷವರ್ ಕೆಳಗೆ ಬಾಯಿ ತೆರೆಯುವುದು ಅವರಿಗೆ ಆಟ.

ಕುದಿಸಿದ ನೀರನ್ನು ಒದ್ದೆ ಲೋಟಕ್ಕೆ ಹಾಕಬೇಡಿ. ಅದು ಯಾವ ನೀರಿನ ಒದ್ದೆ? ಲೋಟ ಒರೆಸಿ ಒಣಗಿಸಿ. ದೊಡ್ಡ ಪಾತ್ರೆಯಿಂದ ನೀರು ತೆಗೆಯುವಾಗ ಕೈ ಅದ್ದಬೇಡಿ, ಬಗ್ಗಿಸಿ ಸುರಿಯಿರಿ. ಕುದಿಸಿದ ನೀರಿಗೆ ಕ್ಲೋರಿನ್‌ನಂತೆ ಉಳಿದು ಕಾಯುವ ಶಕ್ತಿ ಇಲ್ಲ, ಒಂದು ಸಲ ಕೊಳಕು ಬಿದ್ದರೆ ಮತ್ತೆ ಕೆಟ್ಟಿತು. ಮುಚ್ಚಿಟ್ಟು ಒಂದು ದಿನದಲ್ಲಿ ಮುಗಿಸಿಬಿಡಿ. ಬಾಟಲಿಯನ್ನು ದಿನವೂ ಸೋಪು ಹಾಕಿ ಉಜ್ಜಿ, ಶುದ್ಧ ನೀರಿನಲ್ಲಿ ಜಾಲಿಸಿ.

ಕೈ ತೊಳೆಯಲು ಸೋಪು, 20 ಸೆಕೆಂಡು. ಸ್ಯಾನಿಟೈಸರ್ ಇದ್ದರೆ ಶೇ 60ಕ್ಕೂ ಹೆಚ್ಚು ಆಲ್ಕೊಹಾಲ್ ಇರಲಿ. ಆದರೆ ನೊರೊವೈರಸ್, ಕ್ರಿಪ್ಟೊಸ್ಪೊರಿಡಿಯಂ ಮೇಲೆ ಅದರ ಆಟ ನಡೆಯುವುದಿಲ್ಲ. ಸೋಪು ಸಿಕ್ಕಾಗಲೆಲ್ಲ ಸೋಪೇ ಬಳಸಿ.

ಊಟದ ವಿಷಯ

ಆವಿಯಾಡುವಷ್ಟು ಬಿಸಿ ಇರುವುದನ್ನು ತಿನ್ನಿ. ಹಣ್ಣನ್ನು ನೀವೇ ತೊಳೆದು ನೀವೇ ಸಿಪ್ಪೆ ತೆಗೆಯಿರಿ. ಹೆಚ್ಚಿಟ್ಟ ಹಣ್ಣು, ಹಸಿ ಸೊಪ್ಪಿನ ಸಲಾಡ್, ನೀರು ಬೆರೆಸಿದ ಜ್ಯೂಸ್ ಬೇಡ. ರಸ್ತೆಬದಿಯ ಊಟ ಎಲ್ಲವೂ ಕೆಟ್ಟದು, ದೊಡ್ಡ ಹೋಟೆಲಿನ ಊಟ ಎಲ್ಲವೂ ಒಳ್ಳೆಯದು ಎಂಬ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಕಣ್ಣೆದುರು ಬೆಂಕಿಯಿಂದ ಇಳಿಸಿ ಕೊಟ್ಟದ್ದು, ಬಫೆಯಲ್ಲಿ ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂತದ್ದಕ್ಕಿಂತ ಸುರಕ್ಷಿತ. ಹೊರಗೇ ಉಳಿದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಒಂದು ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಹವಳದ ದಿಬ್ಬಗಳ ಬಳಿ ಹಿಡಿದ ದೊಡ್ಡ ಮೀನುಗಳಲ್ಲಿ, ಉದಾಹರಣೆಗೆ ಬರಕುಡಾದಲ್ಲಿ, ಸಿಗ್ವಟೆರಾ ವಿಷ ಇರಬಹುದು. ಎಷ್ಟು ಬೇಯಿಸಿದರೂ ಅದು ಕರಗುವುದಿಲ್ಲ. ಅಂಥ ಮೀನನ್ನು ಬಿಡುವುದೇ ಸರಿ.

ಸೆಖೆಗೆ ದೇಹ ಒಗ್ಗುವವರೆಗೆ

ಸೆಖೆಗೆ ಒಗ್ಗಿಕೊಳ್ಳಲು ದೇಹಕ್ಕೆ ಒಂದರಿಂದ ಎರಡು ವಾರ ಬೇಕು. ಅಷ್ಟರಲ್ಲಿ ಬೆವರು ಬೇಗ ಬರಲು ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಹಾಗಾಗಿ ಮೊದಲ ಕೆಲವು ದಿನ ದೊಡ್ಡ ಚಾರಣ ಇಟ್ಟುಕೊಳ್ಳಬೇಡಿ. ಹತ್ತರಿಂದ ನಾಲ್ಕರವರೆಗೆ ನೆರಳಿನಲ್ಲಿರಿ.

ಬಿಸಿಲಿನಲ್ಲಿ ದುಡಿಯುವಾಗ, ನಡೆಯುವಾಗ ಪ್ರತಿ 15-20 ನಿಮಿಷಕ್ಕೆ ಒಂದು ಲೋಟ ಕುಡಿಯಿರಿ. ಮೂತ್ರ ತಿಳಿ ಹಳದಿ ಇದ್ದರೆ ಸರಿ, ಗಾಢವಾಗಿದ್ದರೆ ನೀರು ಸಾಲದು. ಜಾಸ್ತಿಯಾದರೂ ತೊಂದರೆಯೇ. ಗಂಟೆಗೆ ಒಂದೂವರೆ ಲೀಟರಿನ ಮೇಲೆ ಬರೀ ನೀರು ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗಲಿಬಿಲಿ ಬರಬಹುದು. ಗಂಟೆಗಟ್ಟಲೆ ಬೆವರಿದ ದಿನ ಉಪ್ಪಿರುವ ಊಟ ಅಥವಾ ಓಆರ್‌ಎಸ್ ಬೇಕು.

ಬಿಸಿಲಿನಲ್ಲಿದ್ದವರು ತೊದಲತೊಡಗಿದರೆ, ದಿಕ್ಕು ತಪ್ಪಿದಂತೆ ಮಾತಾಡಿದರೆ, ಮೈ ಬಿಸಿ 40 ಡಿಗ್ರಿ ಸೆಲ್ಸಿಯಸ್ ಮೀರಿದರೆ ಅದು ಹೀಟ್ ಸ್ಟ್ರೋಕ್. ಆಂಬುಲೆನ್ಸ್ ಬರುವವರೆಗೆ ಕಾಯದೆ ಮೈ ತಣಿಸಿ: ತಣ್ಣೀರಿನಲ್ಲಿ ಮುಳುಗಿಸಿ ಅಥವಾ ಮೈಯೆಲ್ಲ ಒದ್ದೆ ಮಾಡಿ ಗಾಳಿ ಹಾಕಿ. ಪ್ಯಾರಾಸಿಟಮಾಲ್ ಇಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಹೊಟ್ಟೆ ಕೆಟ್ಟೇ ಬಿಟ್ಟರೆ

ಇಷ್ಟೆಲ್ಲ ಮಾಡಿದರೂ ಕೆಡಬಹುದು. ಆಗ ಮೊದಲು ಕೈ ಹೋಗಬೇಕಾದ್ದು ಆ್ಯಂಟಿಬಯೋಟಿಕ್‌ಗೆ ಅಲ್ಲ, ಓಆರ್‌ಎಸ್‌ಗೆ. ಬ್ಯಾಕ್ಟೀರಿಯಾದ ಭೇದಿ ಸಾಮಾನ್ಯವಾಗಿ 3ರಿಂದ 7 ದಿನದಲ್ಲಿ ತಾನೇ ನಿಲ್ಲುತ್ತದೆ. ಅಷ್ಟರಲ್ಲಿ ದೇಹದಿಂದ ಹೋಗುವ ನೀರು, ಉಪ್ಪೇ ಜೀವಕ್ಕೆ ಕುತ್ತು ತರುವಂಥದ್ದು.

ಬರೀ ನೀರು ಕುಡಿದರೆ ಯಾಕೆ ಸಾಲದು? ಕರುಳಿನ ಗೋಡೆಯಲ್ಲಿ ಸಕ್ಕರೆ ಮತ್ತು ಸೋಡಿಯಂ ಅನ್ನು ಜೊತೆಯಾಗಿ ಒಳಗೆಳೆದುಕೊಳ್ಳುವ ಒಂದು ಪ್ರೋಟೀನ್ ಇದೆ. ಭೇದಿಯ ವೇಳೆಯೂ ಅದು ಕೆಲಸ ಮಾಡುತ್ತಿರುತ್ತದೆ. ಅವೆರಡು ಒಳಗೆ ಹೋದಂತೆ ನೀರೂ ಹಿಂದೆಯೇ ಹೋಗುತ್ತದೆ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು. ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸಕ್ಕರೆ, ಅಡುಗೆ ಸೋಡಾ ಬೆರೆಸಿದ ನೀರನ್ನು ಮನೆಯವರ ಕೈಯಲ್ಲೇ ರೋಗಿಗಳಿಗೆ ಕುಡಿಸಿದರು. ಶೇ 30ರ ಆಸುಪಾಸು ಇದ್ದ ಸಾವು ಶೇ 4ಕ್ಕಿಂತ ಕೆಳಗಿಳಿಯಿತು. ನಿಮ್ಮ ಚೀಲದ ಪೊಟ್ಟಣದಲ್ಲಿರುವುದು ಅದೇ ಉಪಾಯ.

ಪೊಟ್ಟಣ ಎಷ್ಟು ನೀರಿಗೆ ಎಂದು ಓದಿ. ಕೆಲವು 1 ಲೀಟರಿಗೆ, ಕೆಲವು 200 ಮಿಲಿಗೆ. ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಅದು ವಿಪರೀತ ಗಾಢವಾಗಿ, ಭೇದಿಯನ್ನು ಇನ್ನಷ್ಟು ಹೆಚ್ಚಿಸಬಹುದು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಸಮತಟ್ಟು ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಲೇಬಾರದು. ಕಲಸಿದ್ದನ್ನು 24 ಗಂಟೆ ಮೀರಿ ಇಡಬೇಡಿ.

ಪ್ರತಿ ಸಲ ಭೇದಿಯಾದ ಮೇಲೆ ದೊಡ್ಡವರಿಗೆ 200ರಿಂದ 400 ಮಿಲಿ, 2ರಿಂದ 10 ವರ್ಷದ ಮಕ್ಕಳಿಗೆ 100ರಿಂದ 200 ಮಿಲಿ, ಅದಕ್ಕಿಂತ ಸಣ್ಣವರಿಗೆ 50ರಿಂದ 100 ಮಿಲಿ ಕೊಡಿ. ವಾಂತಿಯಾದರೆ 10 ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಮತ್ತೆ ಶುರುಮಾಡಿ. ಎದೆಹಾಲು ನಿಲ್ಲಿಸಬೇಡಿ. ಊಟವನ್ನೂ ಪೂರ್ತಿ ಬಿಡಬೇಕಿಲ್ಲ.

ಲೋಪೆರಮೈಡ್ ಮಾತ್ರೆ ಭೇದಿಯನ್ನು ತಡೆಯುತ್ತದೆ. ಉದ್ದದ ಬಸ್ ಪ್ರಯಾಣ ಇದ್ದರೆ ಉಪಕಾರಿ. ಆದರೆ ಜ್ವರ ಇದ್ದರೆ, ಮಲದಲ್ಲಿ ರಕ್ತ ಇದ್ದರೆ ತೆಗೆದುಕೊಳ್ಳಬೇಡಿ, ಚಿಕ್ಕ ಮಕ್ಕಳಿಗಂತೂ ಕೊಡಲೇಬೇಡಿ. ಆ್ಯಂಟಿಬಯೋಟಿಕ್ ಯಾವುದು, ಯಾವಾಗ ಎಂದು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳಿ. ಯಾವ ಪ್ರದೇಶ ಎನ್ನುವುದರ ಮೇಲೆ ಔಷಧ ಬದಲಾಗುತ್ತದೆ, ಆಗ್ನೇಯ ಏಷ್ಯಾದಲ್ಲಿ ಹಳೆಯ ಕೆಲವು ಔಷಧಗಳಿಗೆ ಬ್ಯಾಕ್ಟೀರಿಯಾ ಒಗ್ಗಿಹೋಗಿದೆ.

ರಕ್ತ, ಜೋರು ಜ್ವರ, ಗುಟುಕು ನೀರೂ ನಿಲ್ಲದ ವಾಂತಿ, ಮೂತ್ರ ಬಾರದಿರುವುದು, ಮಂಪರು, ಅಕ್ಕಿ ತೊಳೆದ ನೀರಿನಂಥ ಭೇದಿ ಧಾರಾಕಾರ ಹೋಗುವುದು: ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಿ. ಎರಡು ವಾರ ಎಳೆಯುವ ಭೇದಿ ಇದ್ದರೆ ಪ್ರೊಟೊಜೋವಾ ಪರೀಕ್ಷೆ ಮಾಡಿಸಿ.

ಸೊಳ್ಳೆ

ಡೆಂಗಿ, ಚಿಕುನ್‌ಗುನ್ಯಾ, ಝೀಕಾ ಹರಡುವ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತದೆ. ಬೆಳಿಗ್ಗೆ ಮತ್ತು ಸಂಜೆಗೆ ಮುಂಚೆ ಜಾಸ್ತಿ. ಮಲೇರಿಯಾದ ಅನಾಫಿಲಿಸ್ ಮುಸ್ಸಂಜೆಯಿಂದ ನಸುಕಿನವರೆಗೆ. ಅಂದರೆ ಬಿಡುವು ಇಲ್ಲ. ಶೇ 20ರಿಂದ 50 ಡೀಟ್ ಅಥವಾ ಶೇ 20 ಪಿಕಾರಿಡಿನ್ ಇರುವ ನಿವಾರಕ ಹಚ್ಚಿ. ಸನ್‌ಸ್ಕ್ರೀನ್ ಮೊದಲು, ನಿವಾರಕ ಅದರ ಮೇಲೆ. ಉದ್ದ ತೋಳು, ಪರ್ಮೆಥ್ರಿನ್ ಎಂಬ ಕೀಟನಾಶಕದಲ್ಲಿ ಅದ್ದಿದ ಸೊಳ್ಳೆ ಪರದೆ ಇರಲಿ.

ಮಲೇರಿಯಾ ಇರುವ ಪ್ರದೇಶವಾದರೆ ತಡೆ ಮಾತ್ರೆ ಬೇಕು. ಡಾಕ್ಸಿಸೈಕ್ಲಿನ್ ಆದರೆ ವಾಪಸ್ ಬಂದ ಮೇಲೂ 4 ವಾರ, ಅಟೊವಕ್ವೋನ್-ಪ್ರೊಗ್ವಾನಿಲ್ ಆದರೆ 7 ದಿನ ಮುಂದುವರಿಸಬೇಕು. ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ.

ಜ್ವರ ಬಂದರೆ, ಡೆಂಗಿ ಅಲ್ಲ ಎಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ರಕ್ತಸ್ರಾವದ ಅಪಾಯ ಇರುತ್ತದೆ. ಪ್ಯಾರಾಸಿಟಮಾಲ್ ಸಾಕು.

ಕೆರೆ, ನೆಲ, ನಾಯಿ

ನೀರು ಬಾಯಿಯಿಂದಲೇ ಒಳಗೆ ಹೋಗಬೇಕೆಂದೇನೂ ಇಲ್ಲ. ಆಫ್ರಿಕಾದ ಮಲಾವಿ, ವಿಕ್ಟೋರಿಯಾ ಸರೋವರಗಳಂಥ ಕಡೆ ಸಿಸ್ಟೊಸೊಮಾ ಎಂಬ ಹುಳುವಿನ ಮರಿ ಚರ್ಮ ಕೊರೆದು ಒಳನುಗ್ಗುತ್ತದೆ. ಅದು ಬರುವುದು ಸಿಹಿನೀರಿನ ಬಸವನಹುಳದಿಂದ. ಅಂಥ ನೀರಿನಲ್ಲಿ ಇಳಿಯಬೇಡಿ. ಸ್ನಾನಕ್ಕೆ ಬೇರೆ ದಾರಿ ಇಲ್ಲದಿದ್ದರೆ ಆ ನೀರನ್ನು ಬಸವನಹುಳ ಸೇರದ ತೊಟ್ಟಿಯಲ್ಲಿ ಎರಡು ದಿನ ನಿಲ್ಲಿಸಿ ಬಳಸಿ, ಅಷ್ಟರಲ್ಲಿ ಮರಿಗಳು ಸಾಯುತ್ತವೆ. ನೆರೆ ನೀರಿನಲ್ಲಿ ಇಲಿಜ್ವರ ಇರುತ್ತದೆ, ಕಾಲಿನ ಗಾಯ ಮುಚ್ಚಿಕೊಳ್ಳಿ. ಒದ್ದೆ ಮಣ್ಣಿನಲ್ಲಿ ಬರಿಗಾಲಿನಲ್ಲಿ ನಡೆಯಬೇಡಿ, ಕೊಕ್ಕೆಹುಳು ಅಂಗಾಲಿನಿಂದ ಹತ್ತುತ್ತದೆ.

ನಾಯಿ, ಕೋತಿ, ಬಾವಲಿ ಕಚ್ಚಿದರೆ ಅಥವಾ ಪರಚಿದರೆ ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ರೇಬೀಸ್ ಲಸಿಕೆಗೆ ಹೋಗಿ. ಮೊದಲೇ ಲಸಿಕೆ ಹಾಕಿಸಿಕೊಂಡಿದ್ದರೂ ಹೋಗಬೇಕು.

ವಾಪಸ್ ಬಂದ ಮೇಲೆ

ಮಲೇರಿಯಾ ಮೊದಲ ಕಚ್ಚುವಿಕೆಯಿಂದ ಕನಿಷ್ಠ ಏಳು ದಿನದ ನಂತರ ಕಾಣಿಸಿಕೊಳ್ಳುತ್ತದೆ, ವೈವ್ಯಾಕ್ಸ್ ಬಗೆಯದು ತಿಂಗಳುಗಟ್ಟಲೆ ಯಕೃತ್ತಿನಲ್ಲಿ ಅಡಗಿರಬಲ್ಲದು. ಹಾಗಾಗಿ ಹಿಂತಿರುಗಿದ ಒಂದು ವರ್ಷದೊಳಗೆ ಜ್ವರ ಬಂದರೆ ವೈದ್ಯರು ಕೇಳಲಿ ಬಿಡಲಿ, ಯಾವ ದೇಶಕ್ಕೆ, ಯಾವ ತಿಂಗಳು ಹೋಗಿದ್ದಿರಿ, ಯಾವ ಮಾತ್ರೆ ತೆಗೆದುಕೊಂಡಿರಿ, ಕೆರೆಗೆ ಇಳಿದಿದ್ದಿರಾ ಎಂದು ನೀವೇ ಹೇಳಿ. ಮಲೇರಿಯಾ ಪರೀಕ್ಷೆಯನ್ನು ಅದೇ ದಿನ ಮಾಡಿಸಿ. ಮೊದಲ ಪರೀಕ್ಷೆಯಲ್ಲಿ ಇಲ್ಲ ಎಂದು ಬಂದು ಜ್ವರ ಬಿಡದಿದ್ದರೆ ಮರುದಿನ, ಅದರ ಮರುದಿನ ಮತ್ತೆ ಮಾಡಿಸಬೇಕಾಗುತ್ತದೆ.